ಮಂಗಳೂರು ನೋಡ್ಬೇಕಾ? ಮೊದಲು ದಕ್ಕೆಗೆ ಬನ್ನಿ ಮಾರಾಯ್ರೇ

ಕಳೆದ ತಿಂಗಳು ಬೆಂಗಳೂರಿನಿಂದ ಗೆಳೆಯನೊಬ್ಬ ಮನೆಯವರ ಜೊತೆ ಬಂದಿದ್ದ. ಬರುವ ಮೊದಲೇ ವಾಟ್ಸಾಪ್‌ನಲ್ಲಿ ಪಟ್ಟಿ ಕಳಿಸಿದ್ದ. ಕದ್ರಿ, ಕುದ್ರೋಳಿ, ಪಿಲಿಕುಳ, ಪಣಂಬೂರು ಬೀಚ್, ಕೊನೆಗೆ ಒಂದು ಗಡ್‌ಬಡ್ ಐಸ್‌ಕ್ರೀಮ್. ಪಟ್ಟಿಯಲ್ಲಿ ತಪ್ಪೇನೂ ಇಲ್ಲ, ಎಲ್ಲರೂ ಕಳಿಸುವುದು ಅದನ್ನೇ. ಆದರೆ ಸಾವಿರ ವರ್ಷ ಹಡಗು ಬಂದುಹೋದ ಊರಿಗೆ ಬಂದು, ಹಡಗು ಬಂದ ಜಾಗವನ್ನೇ ನೋಡದೆ ವಾಪಸ್ ಹೋಗುವುದು ಎಂಥ ಕಥೆ? "ನಾಳೆ ಬೆಳಿಗ್ಗೆ ಐದೂವರೆಗೆ ರೆಡಿ ಇರು, ದಕ್ಕೆಗೆ ಹೋಗುವ" ಅಂದೆ.

"ದಕ್ಕೆ ಅಂದ್ರೆ ಯಾವ ದೇವಸ್ಥಾನ?" ಅಂದ.

ದಕ್ಕೆ ಅಂದರೆ ಹಳೆ ಬಂದರಿನಲ್ಲಿ ಬೋಟು ಬಂದು ನಿಲ್ಲುವ ಕಟ್ಟೆ. ನಾವು ಹೋಗುವಾಗ ಟ್ರಾಲ್ ಬೋಟುಗಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ಒಂದರಿಂದ ಇನ್ನೊಂದಕ್ಕೆ ದಾಟುತ್ತಾ ನಡು ಹೊಳೆಯವರೆಗೂ ನಡೆದು ಹೋಗಬಹುದು, ಅಷ್ಟು ಒತ್ತೊತ್ತಾಗಿ. ಐಸ್ ಪುಡಿ ಮಾಡುವ ಯಂತ್ರದ ಸದ್ದು, ಏಲಂ ಕೂಗುವವರ ಸದ್ದು, ಮೇಲಿಂದ ಕಾಗೆ ಹದ್ದುಗಳ ಗಲಾಟೆ. ಬಂಗುಡೆ, ಬೂತಾಯಿ ರಾಶಿ ರಾಶಿ. ಗೆಳೆಯ ಮೊಬೈಲ್ ಎತ್ತಿ ಫೋಟೋ ತೆಗೆಯುತ್ತಾ ದಾರಿ ನಡುವೆಯೇ ನಿಂತುಬಿಟ್ಟ. ತಲೆ ಮೇಲೆ ಬುಟ್ಟಿ ಹೊತ್ತು ಬಂದ ಅಕ್ಕ ಒಬ್ಬರು, "ಫೋಟೋ ಎಷ್ಟು ಬೇಕಾದ್ರೂ ತೆಗೀರಿ, ದಾರಿ ಬಿಟ್ಟು ತೆಗೀರಿ" ಅಂದರು. ಬುಟ್ಟಿಯಿಂದ ಇಳಿದ ಮೀನಿನ ನೀರು ಅವನ ಬಿಳಿ ಬೂಟಿನ ಮೇಲೆ ಬಿತ್ತು.

ದಕ್ಕೆಯಲ್ಲಿ ನಿಂತರೆ ಈ ಊರು ಇಲ್ಲೇ ಯಾಕೆ ಹುಟ್ಟಿತು ಅನ್ನುವುದು ಕಣ್ಣಿಗೇ ಕಾಣುತ್ತದೆ. ದಕ್ಷಿಣದಿಂದ ನೇತ್ರಾವತಿ, ಉತ್ತರದಿಂದ ಗುರುಪುರ ಹೊಳೆ. ಎರಡೂ ಸೇರಿ ಸಮುದ್ರಕ್ಕೆ ಬೀಳುವ ಜಾಗ ಅಳಿವೆ ಬಾಗಿಲು. ಎದುರಿಗೆ ಬೆಂಗ್ರೆ ಅನ್ನುವ ಉದ್ದನೆಯ ಮರಳಿನ ಪಟ್ಟಿ, ಅದರಾಚೆ ಸಮುದ್ರ. ತೆರೆಯ ಹೊಡೆತವನ್ನೆಲ್ಲ ಬೆಂಗ್ರೆ ತಡೆದುಕೊಳ್ಳುತ್ತದೆ, ಒಳಗೆ ದೋಣಿಗಳು ಆರಾಮಾಗಿರುತ್ತವೆ. ಆದರೆ ಅದೇ ಮರಳೇ ಕಾಟವೂ ಹೌದು. ಅಳಿವೆಯಲ್ಲಿ ಹೂಳು ತುಂಬುತ್ತದೆ. ಹಾಗಾಗಿ ದೊಡ್ಡ ಹಡಗುಗಳು ಹೊರಗೇ ಲಂಗರು ಹಾಕಬೇಕು, ಸರಕೆಲ್ಲ ಸಣ್ಣ ದೋಣಿಯಲ್ಲಿ ಒಳಗೆ ಬರಬೇಕು. ಮಳೆಗಾಲದಲ್ಲಿ ಹಳೆ ಬಂದರು ಬಂದ್. ಪಣಂಬೂರಿನಲ್ಲಿ ನೆಲ ಅಗೆದು ಹೊಸ ಬಂದರು ಮಾಡಿದ್ದು ಈ ತೊಂದರೆಗೇ. 1974ರಲ್ಲಿ ಅದು ದೇಶದ ದೊಡ್ಡ ಬಂದರುಗಳ ಸಾಲಿಗೆ ಸೇರಿತು. ಕ್ರೂಸ್ ಹಡಗು ಬರುವುದೂ ಈಗ ಅಲ್ಲಿಗೇ.

ಇನ್ನು ನನಗೆ ತುಂಬಾ ಇಷ್ಟದ ಕಥೆ. ಗೆಳೆಯನಿಗೆ ಅಲ್ಲೇ ನಿಂತು ಹೇಳಿದೆ, ನಿಮಗೂ ಹೇಳುತ್ತೇನೆ.

1132ರ ಸುಮಾರಿಗೆ ಅಬ್ರಹಾಂ ಬೆನ್ ಯಿಜು ಅನ್ನುವ ಯಹೂದಿ ವರ್ತಕ ಮಂಗಳೂರಿನಲ್ಲಿ ಇದ್ದ. ಊರು ಟುನೀಷಿಯಾ. ಇಲ್ಲಿ ಸುಮಾರು ಹದಿನೇಳು ವರ್ಷ ನಿಂತು, ಕಂಚಿನ ಕಾರ್ಖಾನೆ ನಡೆಸಿದ. ಯೆಮನ್‌ನ ಬಂದರು ಏಡನ್‌ನಿಂದ ಅವನ ಪಾಲುದಾರರು ಒಡೆದ ಹಳೆ ಪಾತ್ರೆ, ತಾಮ್ರ ಕಳಿಸುವುದು, ಇಲ್ಲಿನವರು ಅದನ್ನು ಕರಗಿಸಿ ಹೊಸ ಪಾತ್ರೆ ಮಾಡಿ ವಾಪಸ್ ಕಳಿಸುವುದು. ಇಲ್ಲಿ ಬರೆಯುತ್ತಿದ್ದದ್ದು ಓಲೆಗರಿಯಲ್ಲಿ, ಪಾಪ, ಅವನಿಗೆ ಕಾಗದವೂ ಏಡನ್‌ನಿಂದಲೇ ಬರಬೇಕು! ಅದರ ಜೊತೆ ಸಕ್ಕರೆ, ಒಣದ್ರಾಕ್ಷಿ. ಆಶು ಅನ್ನುವ ದಾಸಿಯನ್ನು ಅವನು ಬಿಡುಗಡೆ ಮಾಡಿದ ಪತ್ರ ಇದೆ, ಅದು ಬರೆದದ್ದು ಇದೇ ಮಂಗಳೂರಿನಲ್ಲಿ. ಆಮೇಲೆ ಅವಳನ್ನೇ ಮದುವೆಯಾದ ಅಂತ ವಿದ್ವಾಂಸರು ಹೇಳುತ್ತಾರೆ. ಬೊಮ್ಮ ಅಂತ ಒಬ್ಬ ಆಳು ಅವನ ವ್ಯಾಪಾರಕ್ಕಾಗಿ ಏಡನ್‌ಗೆ ಹೋಗಿ ಬರುತ್ತಿದ್ದ. ಅಲ್ಲಿನ ಸಾಹುಕಾರರು ಪತ್ರದಲ್ಲಿ ಬೊಮ್ಮನಿಗೂ ಸಲಾಂ ಹೇಳುತ್ತಿದ್ದರು. ಈ ಕಾಗದಪತ್ರಗಳೆಲ್ಲ ಸಿಕ್ಕಿದ್ದು ಎಲ್ಲಿ ಗೊತ್ತಾ? ಕೈರೋದ ಒಂದು ಯಹೂದಿ ಮಂದಿರದ ಉಗ್ರಾಣದಲ್ಲಿ.

ಕದ್ರಿ ದೇವಸ್ಥಾನದ ಕಂಚಿನ ಲೋಕೇಶ್ವರ ಮೂರ್ತಿ ನೋಡಿದ್ದೀರಲ್ಲ? ಆಳುಪ ರಾಜ ಕುಂದವರ್ಮ 968ರಲ್ಲಿ ಮಾಡಿಸಿದ್ದು. ಬೆನ್ ಯಿಜು ಬರುವುದಕ್ಕಿಂತ ನೂರರವತ್ತು ವರ್ಷ ಮೊದಲು. ಕಂಚು ಎರಕ ಹೊಯ್ಯುವ ಕೈಗಳು ಇಲ್ಲಿ ಮೊದಲೇ ಇದ್ದವು, ಅದಕ್ಕೇ ಅವನು ಇಲ್ಲಿ ಕಾರ್ಖಾನೆ ಹಾಕಿದ ಅಂತ ನನ್ನ ಊಹೆ. ಊಹೆ ಅಷ್ಟೆ, ಕಮೆಂಟಿನಲ್ಲಿ ಜಗಳಕ್ಕೆ ಬರಬೇಡಿ. ಇದನ್ನು ಹೇಳಿದ ಮೇಲೆ ಕದ್ರಿಗೆ ಹೋದಾಗ ಗೆಳೆಯ ಆ ಮೂರ್ತಿಯ ಮುಂದೆ ಹತ್ತು ನಿಮಿಷ ನಿಂತ. ಇಲ್ಲದಿದ್ದರೆ ಕೈ ಮುಗಿದು ಹೊರಡುವವನೇ.

1342ರ ಹೊತ್ತಿಗೆ ಮೊರಾಕೊದ ಪ್ರವಾಸಿ ಇಬ್ನ್ ಬತೂತ ಬಂದ. ಪರ್ಷಿಯಾ, ಯೆಮನ್ ವರ್ತಕರು ಇಲ್ಲಿ ಇಳಿಯುತ್ತಾರೆ, ಕಾಳುಮೆಣಸು ಶುಂಠಿ ಜಾಸ್ತಿ ಅಂತ ಬರೆದ. ಈಗಲೂ ಬಂದರಿನ ಗಲ್ಲಿಯಲ್ಲಿ ನಡೆದರೆ ಗೋದಾಮಿನ ಬಾಗಿಲಿನಿಂದ ಅಡಿಕೆ, ಕೊಬ್ಬರಿ, ಒಣಮೆಣಸಿನ ಘಾಟು ಬರುತ್ತದೆ. ಅಲ್ಲೇ ಝೀನತ್ ಬಕ್ಷ್ ಮಸೀದಿ. ಭಾರತದ ತೀರಾ ಹಳೆಯ ಮಸೀದಿಗಳಲ್ಲಿ ಇದೂ ಒಂದು ಅನ್ನುವ ನಂಬಿಕೆ ಇದೆ. ಒಳಗಿನ ಮರದ ಕೆತ್ತನೆ ನೋಡಬೇಕು. ಸ್ವಲ್ಪ ನಡೆದರೆ ಪೋರ್ಚುಗೀಸರ ಕಾಲದಲ್ಲಿ, 1568ರಲ್ಲಿ, ಶುರುವಾದ ರೊಸಾರಿಯೋ ಚರ್ಚು. ಇನ್ನೊಂದು ಕಡೆ ರಥಬೀದಿಯ ವೆಂಕಟರಮಣ. ಎಲ್ಲವೂ ಕಾಲ್ನಡಿಗೆಯ ದೂರ. ಕುಡ್ಲ, ಕೊಡಿಯಾಲ್, ಮೈಕಾಲ ಅಂತ ಒಂದೇ ಊರಿಗೆ ತುಳುವಿನವರು, ಕೊಂಕಣಿಯವರು, ಬ್ಯಾರಿಗಳು ಒಂದೊಂದು ಹೆಸರು ಇಟ್ಟುಕೊಂಡದ್ದು ಸುಮ್ನೆ ಅಲ್ಲ.

ಹಂಚಿನ ಕಥೆಯೂ ಹೊಳೆಯದ್ದೇ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಷನರಿ ಸಂಸ್ಥೆ ಬಾಸೆಲ್ ಮಿಷನ್‌ನವರು 1834ರಲ್ಲಿ ಬಂದರು, 1843ರಲ್ಲಿ ಇಲ್ಲಿಂದಲೇ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ತಂದರು. 1865ರಲ್ಲಿ ಪ್ಲೆಬ್‌ಸ್ಟ್ ಅನ್ನುವವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದರು. ಹೊಳೆ ಬದಿಯ ಮಣ್ಣು, ಹೊಳೆಯಲ್ಲೇ ಸಾಗಾಟ. ನಮ್ಮ ಅಜ್ಜಿ ಮನೆ ಕೆಡವುವಾಗ ನಾನು ಒಂದು ಹಂಚು ತೆಗೆದಿಟ್ಟುಕೊಂಡೆ. ಹಿಂದೆ ಕಾರ್ಖಾನೆಯ ಹೆಸರಿನ ಅಚ್ಚು, ಒಂದು ಮೂಲೆಯಲ್ಲಿ ಯಾರದೋ ಹೆಬ್ಬೆರಳಿನ ಗುರುತು. ಹಸಿ ಇದ್ದಾಗ ಎತ್ತಿಟ್ಟವರದ್ದು ಇರಬೇಕು.

ಇಷ್ಟೆಲ್ಲ ಇದ್ದೂ ಬಂದರಿನಲ್ಲಿ ಓಡಾಡುವವನಿಗೆ ಇದನ್ನು ಹೇಳುವ ಒಂದು ಬೋರ್ಡು ನನ್ನ ಕಣ್ಣಿಗಂತೂ ಬಿದ್ದಿಲ್ಲ. ಟಿಪ್ಪು ಕಾಲದ ಕಾವಲು ಗೋಪುರ ಸುಲ್ತಾನ್ ಬತ್ತೇರಿಗೆ ಜನ ಬರುತ್ತಾರೆ, ಮೇಲೆ ಹತ್ತಿ ಸೆಲ್ಫಿ ತೆಗೆಯುತ್ತಾರೆ. ಅದರ ಕಿಂಡಿಗಳು ಹೊಳೆ ಕಡೆಗೆ ಯಾಕಿವೆ ಅಂತ ಕೇಳುವವರು ಕಮ್ಮಿ. ಈಗ ಹೊಳೆಯ ದಡವನ್ನು ಚಂದ ಮಾಡುವ ಮಾತು ಆಗಾಗ ಬರುತ್ತದೆ. ಮಾಡಲಿ, ಬೇಡ ಅನ್ನುವುದಿಲ್ಲ. ಕೂರಲು ಬೆಂಚು, ಒಳ್ಳೆ ಟಾಯ್ಲೆಟ್ ನಮಗೂ ಬೇಕು. ಆದರೆ ಟೈಲ್ಸ್ ಹಾಕಿ, ಬಣ್ಣದ ಲೈಟು ಹಾಕಿ, ವಾಸನೆ ಬರುತ್ತದೆ ಅಂತ ಮೀನಿನವರನ್ನು ಆಚೆ ಕಳಿಸುವ ಚಂದ ನನಗೆ ಬೇಡ. ಲಕ್ಷದ್ವೀಪಕ್ಕೆ ಜಲ್ಲಿ, ಸಿಮೆಂಟು, ತರಕಾರಿ ತುಂಬಿಸಿಕೊಂಡು ಇವತ್ತಿಗೂ ಇಲ್ಲಿಂದ ಮಂಜಿಗಳು, ಅಂದರೆ ಸರಕಿನ ಮರದ ಹಡಗುಗಳು, ಹೋಗುತ್ತವೆ. ಆ ಲೋಡಿಂಗ್ ನೋಡುವುದೇ ಒಂದು ಆಟ.

ಹೋಗುವವರಿಗೆ ಒಂದೆರಡು ಮಾತು. ಬೆಳಿಗ್ಗೆ ಏಳರೊಳಗೆ ಹೋಗಿ. ಜೂನ್, ಜುಲೈ ಬೇಡ, ಆಗ ಮೀನುಗಾರಿಕೆಗೆ ರಜೆ, ಬೋಟುಗಳೆಲ್ಲ ಸುಮ್ಮನೆ ನಿಂತಿರುತ್ತವೆ. ದಕ್ಕೆ ನೋಡಿದ ಮೇಲೆ ಫೆರಿ ಹತ್ತಿ ಬೆಂಗ್ರೆಗೆ ದಾಟಿ. ನಡು ಹೊಳೆಯಲ್ಲಿ ಒಮ್ಮೆ ತಿರುಗಿ ಊರನ್ನು ನೋಡಿ, ಬೆನ್ ಯಿಜು ದೋಣಿಯಿಂದ ನೋಡಿದ್ದೂ ಈ ಕಡೆಯಿಂದಲೇ ಇರಬೇಕು. ಬಿಳಿ ಬೂಟು ಮಾತ್ರ ಹಾಕಬೇಡಿ. ಗೆಳೆಯನದ್ದು ಇನ್ನೂ ಬಾಲ್ಕನಿಯಲ್ಲೇ ಇದೆಯಂತೆ, ಒಳಗೆ ತರಲು ಅವನ ಹೆಂಡತಿ ಬಿಡುತ್ತಿಲ್ಲ.