‘ಕಾಯಂ’ ಪದದ ಕುರಿತು ಸ್ಪಷ್ಟನೆ

‘ಕಾಯಂ’ ಅಪ್ಪಟ ಮರಾಠಿ ಪದ, ಮುಂಬೈ ಕನ್ನಡಿಗರು ಅದರ ಬದಲು ‘ಶಾಶ್ವತ’ ಎಂದೇ ಬರೆಯಬೇಕು ಎಂಬ ಸಂದೇಶವೊಂದು ಮಾಟುಂಗ, ಡೊಂಬಿವಲಿಯ ನಮ್ಮವರ ಮೊಬೈಲುಗಳಲ್ಲಿ ಹರಿದಾಡುತ್ತಿದೆ, ಅದು ಸರಿಯಲ್ಲ. ಅರಬ್ಬಿಯಲ್ಲಿ ‘ನಿಂತಿರುವ’ ಎಂಬ ಅರ್ಥವುಳ್ಳ ‘ಕಾಇಮ್’ ಶಬ್ದವು ಪಾರಸಿಯ ಮೂಲಕ ಬಂದು ಮರಾಠಿ, ಕನ್ನಡ ಎರಡರಲ್ಲೂ ನೆಲೆಯೂರಿದೆ. ಆ ಮೂಲಾರ್ಥ ಇನ್ನೂ ಅಳಿದಿಲ್ಲ: ಹೈಕೋರ್ಟು ಶಿಕ್ಷೆಯನ್ನು ಕಾಯಂಗೊಳಿಸಿತು ಎಂದರೆ ಕೆಳಗಿನ ನ್ಯಾಯಾಲಯದ ತೀರ್ಪು ಹಾಗೆಯೇ ನಿಂತಿತು ಎಂದರ್ಥವೇ ಹೊರತು, ಶಿಕ್ಷೆ ಎಂದೆಂದಿಗೂ ಮುಗಿಯದು ಎಂದಲ್ಲ, ಅಲ್ಲಿ ‘ಶಾಶ್ವತಗೊಳಿಸಿತು’ ಎಂದು ಬರೆದರೆ ಅನರ್ಥವಾದೀತು. ನಿವೃತ್ತಿಯ ವಯಸ್ಸಿರುವ ಕಾಯಂ ನೌಕರನೂ ಶಾಶ್ವತನಲ್ಲ. ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕುಳಿತವರು ‘ಇವರು ನಮ್ಮ ಶಾಶ್ವತ ಗಿರಾಕಿ’ ಎಂದರೆ ಗಿರಾಕಿಯೇ ಗಾಬರಿಯಾದಾನು. ಆದರೆ ‘ಖಾಯಂ’ ಎಂದು ರೂಢಿಯಾಗಿರುವ ಮಹಾಪ್ರಾಣಕ್ಕೆ ಮೂಲದಲ್ಲಿ ಆಧಾರವಿಲ್ಲ.