ಬಣ್ಣ ಬಳಿದ ಪಾಟಾ, ಪಾಸಾದ ಗಾಡಿ

ಹಳೇ ಲಾರಿಯ ಮುಂದಿನ ಪಾಟಾ (ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ಸ್ಪ್ರಿಂಗು) ಮುರಿದರೆ ಪುಣೆಯಲ್ಲಿ ಅದಕ್ಕೆ ಎರಡು ಬಗೆಯ ರಿಪೇರಿ ಉಂಟು. ಹೊಸ ಪಾಟಾ ಹಾಕುವುದು ಒಂದು. ಅರ್ಧ ಲೀಟರ್ ಕಪ್ಪು ಪೇಂಟು ತರುವುದು ಇನ್ನೊಂದು. ಪಾಸಿಂಗ್, ಅಂದರೆ ಆರ್‌ಟಿಓದ ಫಿಟ್ನೆಸ್ ಪರೀಕ್ಷೆಯ ತಾರೀಖು ಹತ್ತಿರ ಬಂದವರು ಹೆಚ್ಚಾಗಿ ಎರಡನೆಯದಕ್ಕೇ ಕೈಹಾಕುತ್ತಾರೆ. ಅವರನ್ನು ಬೈದು ಫಲವಿಲ್ಲ, ಪರೀಕ್ಷೆ ನಡೆಯುವುದೇ ಪೇಂಟಿಗೆ.

ಬಾಡಿಗೆ ಗಾಡಿಗೆ ಎಂಟು ವರ್ಷ ತುಂಬುವ ತನಕ ಎರಡು ವರ್ಷಕ್ಕೊಮ್ಮೆ ಫಿಟ್ನೆಸ್, ಆಮೇಲೆ ಪ್ರತಿ ವರ್ಷ. 15 ವರ್ಷ ದಾಟಿದ ಭಾರಿ ಲಾರಿಗೆ 2022ರ ಏಪ್ರಿಲ್‌ನಲ್ಲಿ ಈ ಶುಲ್ಕ 12,500 ರೂಪಾಯಿಗೆ ಏರಿತು. ಇಷ್ಟು ದುಡ್ಡು ಎಣಿಸಿಕೊಂಡ ಮೇಲೆ ಏನನ್ನಾದರೂ ನೋಡಲೇಬೇಕಲ್ಲ, ನೋಡುತ್ತಾರೆ. ಮುಂದೆ ಬಿಳಿ, ಪಕ್ಕಕ್ಕೆ ಹಳದಿ, ಹಿಂದೆ ಕೆಂಪು ಹೊಳೆಯುವ ಟೇಪು ಅಂಟಿಸಿದೆಯೇ, ಟೇಪಿಗೆ ಸರ್ಟಿಫಿಕೇಟು ಇದೆಯೇ? ಸ್ಪೀಡ್ ಗವರ್ನರ್ 80ಕ್ಕೆ ಕಟ್ಟಿದೆಯೇ? ಹಿಂಬದಿಯಲ್ಲಿ ‘ಹಾರ್ನ್ ಓಕೆ ಪ್ಲೀಸ್’ ಇದೆಯೇ? ಅದನ್ನು ಬರೆಯಕೂಡದು ಎಂದು ಮಹಾರಾಷ್ಟ್ರ 2015ರಲ್ಲೇ ಆದೇಶ ಹೊರಡಿಸಿದೆ. ಟೇಪಿಗೆ ಸರ್ಟಿಫಿಕೇಟು ಬೇಕು. ಟೇಪು, ಬಾಡಿ, ಎಂಜಿನ್ನು, ಡ್ರೈವರು ಎಲ್ಲರನ್ನೂ ಹೊತ್ತು ನಿಂತ ಪಾಟಾಕ್ಕೆ ಯಾವುದೂ ಬೇಡ. ಅದು ಕೆಳಗಿದೆ. ನೋಡಬೇಕೆಂದರೆ ಬಗ್ಗಬೇಕು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಗ್ಗುವುದು ಕಷ್ಟ.

ಬ್ರೇಕಿನ ಪರೀಕ್ಷೆಗೆ 250 ಮೀಟರ್ ಟ್ರ್ಯಾಕು ಬೇಕೆಂಬ ನಿಯಮಕ್ಕೆ ಪುಣೆಯ ಗಾಡಿಗಳು ಊರಾಚೆಯ ದಿವೆ ಘಾಟಿನ ಏರು ಹತ್ತಿದ್ದೂ ಉಂಟು. ಈ ಏರ್ಪಾಡು ಮಾಡಿದವರ ತಲೆಯನ್ನು ಮೆಚ್ಚಲೇಬೇಕು. ಪಾಟಾ, ಕಿಂಗ್‌ಪಿನ್ನು, ಕ್ಲಚ್ಚು ಮೂರೂ ಸತ್ತ ಗಾಡಿ ಮೇಲಕ್ಕೆ ಬರುವುದೇ ಇಲ್ಲ. ಬಂದದ್ದೆಲ್ಲ ಆಗಲೇ ಅರ್ಧ ಪಾಸು.

ಐದು ನಿಮಿಷದ ಒಂದು ಪರೀಕ್ಷೆಯಿದೆ, ಅದಕ್ಕೆ ಶುಲ್ಕವಿಲ್ಲ, ಆದ್ದರಿಂದ ಯಾವ ಫಾರಮ್ಮಿನಲ್ಲೂ ಇಲ್ಲ. ಖಾಲಿ ಗಾಡಿಯನ್ನು ಸಮ ನೆಲದಲ್ಲಿ ನಿಲ್ಲಿಸಿ, ಆಕ್ಸಲ್ಲಿನಿಂದ ಚಾಸಿಗಿರುವ ಎತ್ತರವನ್ನು ಎರಡೂ ಬದಿ ಅಳೆಯಿರಿ. ಹೆಚ್ಚಾಗಿ ಎಡಗಡೆಯೇ ಕೂತಿರುತ್ತದೆ. ರಸ್ತೆ ಎಡಕ್ಕೆ ವಾಲಿರುತ್ತದೆ, ಡಾಂಬರಿನ ಅಂಚಿನಿಂದ ಇಳಿದು ಹತ್ತುವುದೂ ಎಡ ಗಾಲಿಯೇ. ಆಮೇಲೆ ಪಾಟಾದ ಕಣ್ಣಿಗೂ (ತುದಿಯಲ್ಲಿ ಸುರುಳಿಯಾಗಿ ಬಾಗಿದ ಬಳೆ) ಚಾಸಿಯ ಬ್ರಾಕೆಟ್ಟಿಗೂ ನಡುವೆ ಹಾರೆ ತೂರಿಸಿ ಮೀಟಬೇಕು. ಟಕ್ ಎಂದರೆ ಕಣ್ಣೊಳಗೆ ಪಿನ್ನನ್ನು ಹಿಡಿಯುವ ಬುಷ್ ಹೋಗಿದೆ. ಕಣ್ಣಿನ ಸುತ್ತ ಕೆಂಪು ಪುಡಿ ಉದುರಿದ್ದರೆ ಗ್ರೀಸು ಕಾಣದೆ ಬಹಳ ದಿನವಾಗಿದೆ. ಪಟ್ಟಿಗೆ ಅಡ್ಡಲಾಗಿ ತುಕ್ಕಿನ ಗೆರೆ ಕಂಡರೆ ಅದು ಬಿರುಕು. ಕಪ್ಪು ಪೇಂಟಿನ ಮಹಿಮೆ ಇರುವುದು ಈ ಕೊನೆಯ ಗೆರೆಯ ಮೇಲೆ.

ಇಷ್ಟಾದರೂ ಒಬ್ಬ ಮಾಲಕ ಹಟ ಹಿಡಿದು ನಿಜವಾಗಿಯೂ ಹೊಸ ಪಾಟಾ ಹಾಕಿಸಲು ಹೊರಟ ಎನ್ನಿ. ಅವನಿಗೆ ದಾರಿ ಪುಣೆಯ ಗಾಡಿ ಸಾಮಾನಿನ ಬಜಾರು ನಾನಾ ಪೇಟೆ. ಅಂಗಡಿಕಟ್ಟೆಯ ಮೇಲೆ ನಿಪ್ಪಾಣಿ ಕಡೆಯವರೊಬ್ಬರು ಕೂತಿದ್ದರೆ ಮಾತು ಹೀಗೆ ಸಾಗುತ್ತದೆ (ಸೋಳಾ-ತೇರಾ ಎಂದರೆ ಟಾಟಾದ 1613 ಲಾರಿ):

“ಸೋಳಾ-ತೇರಾ ಗಾಡಿದು ಮುಂದಿನ ಪಾಟಾ ಬೇಕಾಗಿತ್ರಿ ಅಣ್ಣಾ.”

“ಯಾವ ಸಾಲಿಂದು?”

“ಆರ್‌ಸಿ ಒಳಗ 1998 ಐತ್ರಿ.”

“ಆರ್‌ಸಿ ಸುದ್ದಿ ಬಿಡೊ ತಮ್ಮಾ. ಗಾಡಿ ಕೆಳಗ ಏನೈತಿ?”

“ಅದನ್ನ ನೋಡಿಲ್ರಿ.”

“ನೋಡ್ಕೊಂಡ್ ಬಾ. ಮತ್ತ, ಓಡ್ಸಾಕ ಬೇಕೋ, ಪಾಸಿಂಗಿಗೋ?”

ಇಡೀ ವ್ಯವಸ್ಥೆ ಈ ಕೊನೆಯ ಪ್ರಶ್ನೆಯಲ್ಲಿದೆ. ಓಡಿಸಲಿಕ್ಕೆ ಬೇರೆ ಮಾಲು, ಪಾಸಿಂಗಿಗೆ ಬೇರೆ ಮಾಲು, ಎರಡರ ಮೇಲೂ ‘ಒರಿಜಿನಲ್’ ಎಂದೇ ಚೀಟಿ. ಪಾಸಿಂಗಿನ ಸೆಟ್ಟಿನಲ್ಲಿ ಮೇಲಿನ ಮೈನ್ ಪಟ್ಟಿ ಹೊಸದು, ಕೆಳಗಿನವು ನಾಲ್ಕು ಗಾಡಿಗಳಿಂದ ಬಂದು ಒಂದೇ ಕ್ಲಿಪ್ಪಿನೊಳಗೆ ಸಂಸಾರ ಹೂಡಿದವು. ಕ್ಲಿಪ್ಪು ಬಿಚ್ಚಿಸಿ ಒಂದೊಂದು ಪಟ್ಟಿಯ ದಪ್ಪವನ್ನೂ ವರ್ನಿಯರ್‌ನಿಂದ ಅಳೆದರೆ ಈ ಸಂಸಾರ ಬಯಲಾಗುತ್ತದೆ. ಬಿಚ್ಚಲು ಒಪ್ಪದ ಅಂಗಡಿಯನ್ನು ಬಿಟ್ಟು ಮುಂದಿನದಕ್ಕೆ ನಡೆಯುವುದು ಲೇಸು.

ಗಾಡಿಯ ಕೆಳಗೆ ಮಲಗಿ ಬರೆದುಕೊಳ್ಳಬೇಕಾದ್ದು ಇಷ್ಟು: ಪಟ್ಟಿಯ ಅಗಲ, ಪಟ್ಟಿಗಳ ಸಂಖ್ಯೆ, ಒಂದೊಂದರ ದಪ್ಪ, ಕಣ್ಣಿನ ಒಳಸುತ್ತು, ಪಿನ್ನಿನ ದಪ್ಪ, ಬುಷ್ಷಿನ ಉದ್ದ. ಪಟ್ಟಿಗಳನ್ನು ನಡುವೆ ಪೋಣಿಸಿದ ಸೆಂಟರ್ ಬೋಲ್ಟಿನಿಂದ ಮುಂದಿನ ಕಣ್ಣಿಗೆಷ್ಟು, ಹಿಂದಿನ ಕಣ್ಣಿಗೆಷ್ಟು ಎಂಬುದನ್ನು ಟೇಪನ್ನು ಪಟ್ಟಿಯ ಬಾಗಿನ ಮೇಲೇ ಹಿಡಿದು ಬೇರೆಬೇರೆಯಾಗಿ ಅಳೆಯಬೇಕು. ಎರಡೂ ಸಮ ಇರಲೇಬೇಕೆಂದಿಲ್ಲ. ಸಮ ಇಲ್ಲದ ಪಾಟಾವನ್ನು ತಿರುಗಿಸಿ ಹಾಕಿದರೆ ಆಕ್ಸಲ್ಲೇ ಹಿಂದೆಮುಂದೆ ಆಗಿ ಗಾಡಿ ಒಂದು ಕಡೆಗೆ ಎಳೆಯುತ್ತದೆ. ಹಳೇ ಪಾಟಾದ ಬಾಗನ್ನು ಮಾತ್ರ ಅಳತೆಗೆ ಹಿಡಿಯಬೇಡಿ, ಅದು ಕೂತುಹೋಗಿದೆ ಎಂದೇ ಅಲ್ಲವೇ ಹೊಸದಕ್ಕೆ ಹೊರಟಿದ್ದು. ಕೊಳ್ಳುವಾಗ ಎರಡೂ ಬದಿಗೆ ಜೋಡಿಯಾಗಿಯೇ ಕೊಳ್ಳಬೇಕು.

ಬುಷ್ಷಿನದು ಇನ್ನೊಂದು ಪುರಾಣ. ಎರಡೂ ಬದಿಗೆ, ಶ್ಯಾಕಲ್ಲಿನ (ಪಾಟಾದ ಒಂದು ತುದಿಯನ್ನು ಚಾಸಿಗೆ ಸೇರಿಸುವ ಕೊಂಡಿ) ಮೇಲಿನ ಕಣ್ಣೂ ಸೇರಿ, ಆರು ಬುಷ್ಷು, ಆರು ಪಿನ್ನು. ಹಳೇ ಪಿನ್ನಿಗೆ ಹೊಸ ಬುಷ್ ಹಾಕಿ ಉಳಿಸಿದ ದುಡ್ಡು ಮುಂದಿನ ಮಳೆಗಾಲದೊಳಗೆ ವಾಪಸ್ ಹೋಗುತ್ತದೆ. ಸವೆದ ಪಿನ್ನಿನ ಮೆಟ್ಟಿಲು ಹೊಸ ಬುಷ್ಷನ್ನು ತಿನ್ನುತ್ತದೆ. ಗನ್‌ಮೆಟಲ್ (ತಾಮ್ರದ ಮಿಶ್ರಲೋಹ) ಎಂದು ಕೊಟ್ಟದ್ದಕ್ಕೆ ಅಯಸ್ಕಾಂತ ಹಿಡಿಯಿರಿ, ಅಂಟಿಕೊಂಡರೆ ಅದು ಬಣ್ಣದ ಕಬ್ಬಿಣ. (ಉಕ್ಕಿನ ಬೆನ್ನಿರುವ ಬುಷ್ಷೂ ಅಂಟುತ್ತದೆ, ಆದರೆ ಅದನ್ನು ಯಾರೂ ಗನ್‌ಮೆಟಲ್ ದರಕ್ಕೆ ಮಾರಬಾರದು.) ಬುಷ್ಷನ್ನು ಸುತ್ತಿಗೆಯಿಂದ ಬಡಿಯದೆ ಪ್ರೆಸ್ಸಿನಲ್ಲಿ ಒತ್ತಿಸಬೇಕು. ಒತ್ತಿದ ಮೇಲೆ ಒಳಸುತ್ತು ಕೂದಲೆಳೆಯಷ್ಟು ಬಿಗಿಯಾಗುತ್ತದೆ, ರೀಮರ್ ಆಡಿಸಿ ಪಿನ್ನು ಕೈಯಲ್ಲೇ ಸರಿಯುವಂತೆ ಮಾಡಬೇಕು.

ಲೋಹದ ಬುಷ್ಷಿನ ಬದಲು ರಬ್ಬರಿನ ಸೈಲೆಂಟ್ ಬ್ಲಾಕ್ ಇದ್ದರೆ ಲೆಕ್ಕ ಪೂರಾ ಉಲ್ಟಾ. ಅದಕ್ಕೆ ಗ್ರೀಸು ಹಚ್ಚಬಾರದು, ಹಚ್ಚಿದರೆ ರಬ್ಬರು ಉಬ್ಬಿ ಮೆತ್ತಗಾಗುತ್ತದೆ. ಅದರ ಬೋಲ್ಟನ್ನು ಗಾಡಿ ಜಾಕಿನ ಮೇಲಿರುವಾಗ ಬಿಗಿಯಲೂಬಾರದು. ಗಾಲಿಯ ಮೇಲೆ ಪೂರ್ತಿ ಭಾರ ಬಂದ ಮೇಲೆಯೇ ಕೊನೆಯ ಬಿಗಿ. ಇಲ್ಲವಾದರೆ ಗಾಡಿ ಕೆಳಗಿಳಿದ ಕ್ಷಣದಿಂದ ರಬ್ಬರು ತಿರುಚಿಕೊಂಡೇ ಇದ್ದು ಹರಿಯುತ್ತದೆ. ಪಾಸಿಂಗಿನ ಬೆಳಿಗ್ಗೆ ಮಾತ್ರ ರಬ್ಬರು, ಲೋಹ ಎಂಬ ಭೇದವಿಲ್ಲದೆ ಎಲ್ಲದಕ್ಕೂ ಹೊರಗಿನಿಂದ ಗ್ರೀಸು ಮೆತ್ತಲಾಗುತ್ತದೆ, ಹೊಸಿಲಿಗೆ ಅರಿಶಿನ ಹಚ್ಚಿದಂತೆ. ಲೋಹದ ಬುಷ್ಷಿಗೆ ಗ್ರೀಸು ಮುಟ್ಟಿದೆ ಎನ್ನಲು ಗುರುತು ಬೇರೆ: ಗನ್ ಒತ್ತಿದಾಗ ಪಿನ್ನಿನ ಎರಡೂ ಪಕ್ಕದಿಂದ ಹಳೇ ಕಪ್ಪು ಗ್ರೀಸು ಹೊರಬರಬೇಕು. ಬಾರದಿದ್ದರೆ ಚಾಸಿಯನ್ನು ಜಾಕಿನಿಂದ ಎತ್ತಿ ಭಾರ ಇಳಿಸಿ ಮತ್ತೆ ಒತ್ತಬೇಕು.

ಹೊಸದಕ್ಕೆ ದುಡ್ಡಿಲ್ಲದವರಿಗೆ ಕುಲುಮೆ ಇದೆ. ಕೂತ ಪಟ್ಟಿಯನ್ನು ಕೆಂಪಗೆ ಕಾಯಿಸಿ ಬಡಿದು ಬಾಗು ಕೊಡುತ್ತಾರೆ. ಕಾಯಿಸಿ ಸುಮ್ಮನೆ ಆರಿಸಿದರೆ ತಿಂಗಳೊಳಗೆ ಮತ್ತೆ ಕೂರುತ್ತದೆ. ಎಣ್ಣೆಯಲ್ಲಿ ಅದ್ದಿ, ಮತ್ತೆ ಹದವಾಗಿ ಕಾಯಿಸದೆ ಬಿಟ್ಟರೆ ಮೊದಲ ಗುಂಡಿಗೇ ಗಾಜಿನಂತೆ ತುಂಡಾಗುತ್ತದೆ. ಎರಡೂ ಹದ ತಿಳಿದ ಕಮ್ಮಾರ ಸಿಕ್ಕರೆ ಅವನ ಕೈ ಬಿಡಬೇಡಿ. ಎಲ್ಲಕ್ಕಿಂತ ಕೆಟ್ಟದ್ದು ‘ಒಂದು ಪಟ್ಟಿ ಎಕ್ಸ್ಟ್ರಾ ಹಾಕಿಬಿಡು’ ಎಂಬ ಉಪಾಯ. ಮುಂದಿನ ಪಾಟಾ ಕಲ್ಲಾಗುತ್ತದೆ, ಹೊಡೆತವೆಲ್ಲ ಬುಷ್ಷಿಗೂ ಬ್ರಾಕೆಟ್ಟಿನ ರಿವಿಟ್ಟಿಗೂ ಹೋಗುತ್ತದೆ. ಆದರೆ ಗಾಡಿಯ ಮುಖ ಮೇಲೆದ್ದು ನೋಡಲು ಚೆಂದ, ಪಾಸಿಂಗಿಗೆ ಅಡ್ಡಿಯಿಲ್ಲ.

ಬಿಚ್ಚುವಾಗ ಪಿನ್ನು ಬರಲಿಲ್ಲವೆಂದು ಕಣ್ಣಿಗೆ ಗ್ಯಾಸ್ ಕಟರ್ ಹಿಡಿಯುವವರುಂಟು. ಆ ಶಾಖಕ್ಕೆ ಮೈನ್ ಪಟ್ಟಿಯ ಹದ ಹೋಗಿ, ಮುಂದೊಂದು ದಿನ ಕಣ್ಣಿನ ಬುಡದಲ್ಲೇ ಮುರಿಯುತ್ತದೆ. ಹಿಂದಿನ ರಾತ್ರಿಯೇ ಡೀಸೆಲ್ ಬಿಟ್ಟು ನೆನೆಹಾಕಿ. ಆಕ್ಸಲ್ಲಿಗೂ ಪಾಟಾಕ್ಕೂ ನಡುವೆ ಒಂದು ಕಡೆ ದಪ್ಪಗಿರುವ ಪ್ಲೇಟಿದ್ದರೆ, ದಪ್ಪ ಬದಿ ಯಾವ ಕಡೆಗಿತ್ತೆಂದು ಮೊದಲೇ ಗುರುತು ಮಾಡಿ. ತಿರುವಿ ಕೂರಿಸಿದರೆ ತಿರುವಿನ ನಂತರ ಸ್ಟೇರಿಂಗು ತಾನಾಗಿ ನೇರಕ್ಕೆ ಮರಳುವುದಿಲ್ಲ. ಸೆಂಟರ್ ಬೋಲ್ಟಿನ ತಲೆ ಆಕ್ಸಲ್ಲಿನ ಗುಳಿಯಲ್ಲಿ ಕೂತಿದೆಯೇ ಎಂದು ನೋಡಿಯೇ ಪಾಟಾವನ್ನು ಆಕ್ಸಲ್ಲಿಗೆ ಕಟ್ಟುವ ಯು-ಬೋಲ್ಟು ಏರಿಸಬೇಕು. ನಾಲ್ಕು ಯು-ಬೋಲ್ಟೂ ಹೊಸವೇ ಆಗಬೇಕು, ಒಮ್ಮೆ ಹಿಗ್ಗಿದ್ದು ಮತ್ತೆ ಬಿಗಿ ಹಿಡಿಯುವುದಿಲ್ಲ. ನಟ್ಟುಗಳನ್ನು ಮೂಲೆಯಿಂದ ಮೂಲೆಗೆ ಸ್ವಲ್ಪಸ್ವಲ್ಪವಾಗಿ ಬಿಗಿಯಿರಿ.

ಹೀಗೆ ಮಿಲಿಮೀಟರ್ ಲೆಕ್ಕದಲ್ಲಿ ಕೂರಿಸಿದ ಗಾಡಿ ಗ್ಯಾರೇಜಿನಿಂದ ಹೊರಬಿದ್ದ ಕೂಡಲೇ ಎದುರಾಗುವುದು ಸ್ಪೀಡ್ ಬ್ರೇಕರು. ಅದಕ್ಕೂ ಒಂದು ಅಳತೆ ಇದೆ ಎಂದರೆ ಡ್ರೈವರುಗಳು ನಗುತ್ತಾರೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ, ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ದಾಟುವಂಥದ್ದು. ನಮ್ಮ ಗಲ್ಲಿಯದು ಎತ್ತರವನ್ನು ಚಾಚೂ ತಪ್ಪದೆ ಪಾಲಿಸಿ ಅಗಲವನ್ನು ಒಂದು ಮೊಳಕ್ಕೆ ಮುಗಿಸಿರುತ್ತದೆ. ಅದಕ್ಕೆ ವರ್ಷಕ್ಕೊಮ್ಮೆ ಪಾಸಿಂಗ್ ಇಲ್ಲ, ಹೊಳೆಯುವ ಟೇಪೂ ಇಲ್ಲ, ಬಳಿಯಬೇಕಾದ ಬಿಳಿ ಪೇಂಟೂ ಇಲ್ಲ. ಪೇಂಟೆಲ್ಲ ಪಾಟಾಕ್ಕೇ ಖರ್ಚಾಗಿರಬೇಕು.

ಹೊಸ ಯು-ಬೋಲ್ಟಿನ ನಟ್ಟುಗಳನ್ನು 500 ಕಿಲೋಮೀಟರ್ ಓಡಿದ ಮೇಲೆ, ಗಾಡಿಯಲ್ಲಿ ಲೋಡ್ ಇರುವಾಗ, ಇನ್ನೊಮ್ಮೆ ಬಿಗಿಯಬೇಕು. ಊರೊಳಗೇ ಓಡುವ ಗಾಡಿಯಾದರೆ ಇದನ್ನು 100 ಎಂದು ಓದಿಕೊಳ್ಳಿ. ಮಳೆಗಾಲದಲ್ಲಿ ಪಾನಾವನ್ನು ಸೀಟಿನ ಕೆಳಗೇ ಇಟ್ಟುಕೊಳ್ಳಿ.