ಎಬಿಎಸ್ ಲೈಟು ಉರಿದರೆ ಮೊದಲು ಚಕ್ರದ ಹಿಂದೆ ಇಣುಕಿ

ಮಳೆ ಹಿಡಿದರೆ ಸಾಕು, ನಮ್ಮ ಕಾಸರಗೋಡು ಕಡೆ ಉಪ್ಪಳದಿಂದ ಚೆರ್ಕಳದವರೆಗಿನ ಗ್ಯಾರೇಜುಗಳಿಗೆ ಒಂದು ದೂರು ಬಂದೇ ಬರುತ್ತದೆ: "ಎಬಿಎಸ್ ಲೈಟು ಆರುವುದೇ ಇಲ್ಲ." ಎಬಿಎಸ್ ಎಂದರೆ ಜೋರಾಗಿ ಬ್ರೇಕ್ ತುಳಿದಾಗ ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುವ ವ್ಯವಸ್ಥೆ; ಅದರಲ್ಲಿ ದೋಷ ಬಂದರೆ ಉರಿಯುವುದು ಈ ಲೈಟು. ದೂರಿಗೆ ಸಿಗುವ ಉತ್ತರ ಎರಡು. ಒಂದೋ "ಬ್ರೇಕ್ ಹಿಡೀತದಲ್ಲ, ಹಾಗೇ ಓಡಿಸಿ", ಇಲ್ಲವಾದರೆ "ಯೂನಿಟ್ ಹೋಗಿದೆ, ಹೊಸತು ಹಾಕಬೇಕು." ಎರಡೂ ಕೈತೊಳೆದುಕೊಳ್ಳುವ ಮಾತು ಎಂದೇ ನನ್ನ ಅಭಿಪ್ರಾಯ.

ಪಂಪು, ವಾಲ್ವು, ಕಂಪ್ಯೂಟರು ಸೇರಿದ ಆ ದುಬಾರಿ ಯೂನಿಟ್ಟು ಬಾನೆಟ್ಟಿನ ಒಳಗೆ ಬೆಚ್ಚಗೆ ಕೂತಿರುತ್ತದೆ. ಕೆಸರು ನೀರು ಕುಡಿಯುವುದು ಚಕ್ರದ ಹಿಂದೆ ಕೂತು ಅದರ ವೇಗ ಅಳೆಯುವ ಸೆನ್ಸರು, ಅದರ ವೈರು, ವೈರು ಜೋಡಿಸುವ ಕಪ್ಲರು. ನಮ್ಮಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ, ಪಡುವಣದಿಂದ ಉಪ್ಪುಗಾಳಿ, ಒಳಗಿನ ರಸ್ತೆಗಳಲ್ಲಿ ಮುರಕಲ್ಲಿನ ಕೆಂಪು ಕೆಸರು. ಮೊದಲು ಕೈಕೊಡುವುದು ಯಾವುದೆಂದು ಬೇರೆ ಹೇಳಬೇಕಾ? (ಶೆಡ್ಡಿನಲ್ಲಿ ಅಡಿಕೆ ಮೂಟೆಯ ಪಕ್ಕ ಕಾರು ನಿಲ್ಲಿಸುವವರು ಇಲಿಯನ್ನೂ ಈ ಪಟ್ಟಿಗೆ ಸೇರಿಸಿಕೊಳ್ಳಿ.)

ಎಲ್ಲಕ್ಕಿಂತ ಹೆಚ್ಚು ಮೋಸ ಮಾಡುವ ತೊಂದರೆಗೆ ಲೈಟೇ ಉರಿಯುವುದಿಲ್ಲ. ಕಾರು ನಿಲ್ಲಿಸುವಾಗ, ವೇಗ 10-15 ಕಿ.ಮೀ.ಗೆ ಇಳಿದ ಮೇಲೆ, ಒಣ ಡಾಮರಿನಲ್ಲೂ ಪೆಡಲು ಕಾಲಡಿಯಲ್ಲಿ ಡರ್ರ್ ಎಂದು ಅದುರಿ ಗಾಡಿ ಒಂದು ಮಾರು ಮುಂದೆ ಜಾರುತ್ತದೆ. ಡಿಸ್ಕ್ ಡೊಂಕು ಎಂದು ಡಿಸ್ಕ್ ಬದಲಿಸುತ್ತಾರೆ, ಪ್ಯಾಡ್ ಬದಲಿಸುತ್ತಾರೆ, ಹೋಗುವುದಿಲ್ಲ. ಕಾರಣ, ಚಕ್ರದ ಜೊತೆ ತಿರುಗುವ ಹಲ್ಲಿನ ರಿಂಗು. ಸೆನ್ಸರು ವೇಗ ಓದುವುದು ಅದರ ಹಲ್ಲುಗಳಿಂದಲೇ. ಅದರ ಅಡಿಯಲ್ಲಿ ತುಕ್ಕು ಉಬ್ಬಿ ರಿಂಗು ಸೀಳಿರುತ್ತದೆ, ಅಥವಾ ಸೆನ್ಸರು ಕೂರುವ ಜಾಗದಲ್ಲೇ ತುಕ್ಕು ಬೆಳೆದು ಅದನ್ನು ಮೇಲೆತ್ತಿರುತ್ತದೆ. ಸೆನ್ಸರಿಗೂ ರಿಂಗಿಗೂ ನಡುವೆ ಇರಬೇಕಾದ್ದು ಸುಮಾರು ಒಂದು ಮಿಲಿಮೀಟರಿನಷ್ಟೇ ಎಡೆ. ಹಳೆಯ ಕಾಯಿಲ್ ಸೆನ್ಸರಿನ ಸಿಗ್ನಲ್ಲು ವೇಗ ಇಳಿದಂತೆ ಸೊರಗುತ್ತದೆ. ಎಡೆ ಹೆಚ್ಚಾದರೆ ನಿಧಾನಗತಿಯಲ್ಲಿ ಪೂರ್ತಿ ಮಾಯ. ಕಂಪ್ಯೂಟರಿಗೆ ಕಾಣುವುದು ಇಷ್ಟೇ: ಮೂರು ಚಕ್ರ ತಿರುಗುತ್ತಿವೆ, ಒಂದು ನಿಂತಿದೆ. ಲಾಕ್ ಆಯಿತೆಂದು ಆ ಚಕ್ರದ ಬ್ರೇಕನ್ನು ಬಿಟ್ಟುಬಿಡುತ್ತದೆ. ಖಚಿತ ಮಾಡಿಕೊಳ್ಳಲು, ಸುರಕ್ಷಿತ ಜಾಗದಲ್ಲಿ ಎಬಿಎಸ್ ಫ್ಯೂಸ್ ತೆಗೆದು ಒಮ್ಮೆ ನಿಧಾನಕ್ಕೆ ಓಡಿಸಿ ನಿಲ್ಲಿಸಿ. ಅದುರು ನಿಂತರೆ ಡಿಸ್ಕಿನದ್ದಲ್ಲ. ಆಮೇಲೆ ಮರೆಯದೆ ಫ್ಯೂಸ್ ವಾಪಸ್ ಹಾಕಿ.

ಯಾವ ಚಕ್ರವೆಂದು ಕಂಡುಹಿಡಿಯಲು ಎಬಿಎಸ್ ಓದುವ ಸ್ಕ್ಯಾನರೇ ಬೇಕು. ಅಗ್ಗದ ಬ್ಲೂಟೂತ್ ರೀಡರುಗಳು ಹೆಚ್ಚಾಗಿ ಎಂಜಿನ್ನಿನ ದೋಷದ ಕೋಡು ಮಾತ್ರ ಓದುತ್ತವೆ. ಕೋಡು ಓದಿ ಅಳಿಸಿ ಕೈಬಿಡಬೇಡಿ. ನೇರ ರಸ್ತೆಯಲ್ಲಿ 20 ಕಿ.ಮೀ. ವೇಗದಲ್ಲಿ ಹೋಗುವಾಗ ಪಕ್ಕದಲ್ಲಿ ಕೂತವರು ನಾಲ್ಕು ಚಕ್ರಗಳ ವೇಗವನ್ನೂ ಸ್ಕ್ರೀನಿನಲ್ಲಿ ನೋಡುತ್ತಿರಲಿ, ನೀವು ನಿಧಾನಕ್ಕೆ ನಿಲ್ಲಿಸಿ. ಉಳಿದ ಮೂರಕ್ಕಿಂತ ಮೊದಲೇ ಸೊನ್ನೆಗೆ ಬೀಳುವ ಚಕ್ರವೇ ಕಳ್ಳ.

ಸೆನ್ಸರನ್ನು ಹಿಡಿದಿರುವುದು ಹೆಚ್ಚಿನ ಕಾರುಗಳಲ್ಲಿ ಒಂದೇ ಬೋಲ್ಟು. ತುಕ್ಕಿಗೆ ಕಚ್ಚಿದ್ದರೆ ಸ್ಕ್ರೂಡ್ರೈವರಿನಲ್ಲಿ ಮೀಟಬೇಡಿ, ತಲೆ ಮುರಿದು ಒಳಗೇ ಉಳಿಯುತ್ತದೆ. ತುಕ್ಕು ಬಿಡಿಸುವ ಎಣ್ಣೆ ಹೊಡೆದು ಕಾದು, ಆಚೀಚೆ ತಿರುಗಿಸಿ ತೆಗೆಯಿರಿ. ಕೂರುವ ಜಾಗವನ್ನು ಎಮೆರಿ ಪೇಪರಿನಲ್ಲಿ ಉಜ್ಜಿ ಹೊಳಪು ಬರಿಸಿ. ಹಳೆಯ ಕಾಯಿಲ್ ಸೆನ್ಸರಾದರೆ ಮಲ್ಟಿಮೀಟರಿನಲ್ಲಿ ಸಾಮಾನ್ಯವಾಗಿ 1,000 ಓಮ್ ಆಸುಪಾಸು ತೋರಿಸಬೇಕು. ಹೊಸ ಕಾರುಗಳ ಸೆನ್ಸರಿನೊಳಗೆ ಚಿಪ್ ಉಂಟು. ಅದಕ್ಕೆ ಓಮ್ ಅಳತೆ ಹಿಡಿಯುವುದು ದಂಡ. ತುಂಡಾದ ವೈರನ್ನು ತಿರುಚಿ ಟೇಪು ಸುತ್ತುವುದು ಒಂದು ಮಳೆಗಾಲಕ್ಕೂ ಬಾರದು. ಬೆಸುಗೆ ಹಾಕಿ, ಬಿಸಿಗೆ ಕುಗ್ಗುವ ಸ್ಲೀವ್ ಏರಿಸಬೇಕು.

ವೀಲ್ ಬೇರಿಂಗ್ ಬದಲಿಸಿದ ಮರುದಿನವೇ ಲೈಟು ಬಂತೇ? ಹಲವು ಹೊಸ ಕಾರುಗಳಲ್ಲಿ ರಿಂಗಿನ ಬದಲು ಬೇರಿಂಗಿನ ಒಂದು ಬದಿಯ ಸೀಲಿನಲ್ಲೇ ಅಯಸ್ಕಾಂತ ಇರುತ್ತದೆ. ಬೇರಿಂಗನ್ನು ಉಲ್ಟಾ ಒತ್ತಿದರೆ ಚಕ್ರ ಸೊಗಸಾಗಿ ತಿರುಗುತ್ತದೆ, ಸೆನ್ಸರಿಗೆ ಮಾತ್ರ ಏನೂ ಕಾಣುವುದಿಲ್ಲ. ಒಂದು ಸಣ್ಣ ಕಬ್ಬಿಣದ ಪಿನ್ನು ಹಿಡಿದು ನೋಡಿದರೆ ಅಯಸ್ಕಾಂತದ ಬದಿ ಗೊತ್ತಾಗುತ್ತದೆ. ಅದು ಸೆನ್ಸರಿನ ಕಡೆಗೇ ಬರಬೇಕು.

ಯೂನಿಟ್ಟನ್ನು ನಿಜವಾಗಿ ಕೊಲ್ಲುವುದು ಹಳೆಯ ಬ್ರೇಕ್ ಆಯಿಲು. ಅದು ಗಾಳಿಯ ತೇವ ಹೀರುತ್ತದೆ. ಡಾಟ್ 4 ದರ್ಜೆಯ ಆಯಿಲು ಹೊಸತಿರುವಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯದು, 3.7 ಶೇಕಡಾ ನೀರು ಸೇರಿದರೆ ಆ ಮಿತಿ 155ಕ್ಕೆ ಇಳಿಯುತ್ತದೆ. ಜೊತೆಗೆ ಸೂಕ್ಷ್ಮ ವಾಲ್ವುಗಳಿಗೆ ತುಕ್ಕು. ಎರಡು ವರ್ಷಕ್ಕೊಮ್ಮೆ ಬದಲಿಸಿ. ಪ್ಯಾಡ್ ಹಾಕುವಾಗ ಪಿಸ್ಟನ್ ಒಳಗೆ ಒತ್ತುವ ಮೊದಲು ಕ್ಯಾಲಿಪರಿನ (ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ಬ್ಲೀಡ್ ನಿಪ್ಪಲ್, ಎಂದರೆ ಆಯಿಲು ಹೊರಬಿಡುವ ತಿರುಪು, ಸಡಿಲಿಸಿ, ಕೊಳೆ ಆಯಿಲು ಹೊರಗೆ ಹೋಗಲಿ. ಇಲ್ಲವಾದರೆ ಅದು ಹಿಂದಕ್ಕೆ ಯೂನಿಟ್ಟಿನೊಳಗೇ ಹೋಗುತ್ತದೆ.

ಹಳದಿ ಎಬಿಎಸ್ ಲೈಟು ಮಾತ್ರವಾದರೆ ಮಾಮೂಲು ಬ್ರೇಕ್ ಉಂಟು, ಆದರೆ ಒದ್ದೆ ರಸ್ತೆಯಲ್ಲಿ ಜೋರಾಗಿ ತುಳಿದರೆ ಚಕ್ರ ಲಾಕ್ ಆಗಿ ಸ್ಟೀರಿಂಗ್ ಮಾತು ಕೇಳದು. ಕೆಂಪು ಬ್ರೇಕ್ ಲೈಟೂ ಜೊತೆಗೆ ಉರಿದರೆ ಬದಿಗೆ ನಿಲ್ಲಿಸಿ ಬ್ರೇಕ್ ಆಯಿಲು ನೋಡಿ. ಆಯಿಲು ಸರಿಯಿದ್ದರೂ ಹಿಂದಿನ ಚಕ್ರಗಳ ಒತ್ತಡ ಹದ್ದುಬಸ್ತಿಲ್ಲದೆ ಹೋಗಿರಬಹುದು, ಗಾಡಿ ಗಿರಕಿ ಹೊಡೆಯಲು ಅಷ್ಟು ಸಾಕು.

ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದವರು ಎಂಜಿನ್ ಸ್ಟಾರ್ಟ್ ಮಾಡದೆ ಕೀಲಿ ಮಾತ್ರ ತಿರುಗಿಸಿ ಕಾಯಿರಿ. ಎಬಿಎಸ್ ಲೈಟು ಹೊತ್ತಿ, ಹೆಚ್ಚಿನ ಗಾಡಿಗಳಲ್ಲಿ ಎರಡು ಮೂರು ಸೆಕೆಂಡಿನಲ್ಲಿ ತಾನೇ ಆರಬೇಕು. ಹೊತ್ತಲೇ ಇಲ್ಲವೆಂದರೆ ಬಲ್ಬು ಕಿತ್ತಿದ್ದಾರೆ ಎಂದೇ ಅನುಮಾನಿಸಿ. ಎಂಜಿನ್ ಸ್ಟಾರ್ಟ್ ಆಗುವವರೆಗೂ ಉರಿದು, ಎಂಜಿನ್ ಆಯಿಲ್ ಲೈಟಿನ ಜೊತೆ ಒಂದೇ ಕ್ಷಣಕ್ಕೆ ಆರಿದರೆ ಎರಡಕ್ಕೂ ಒಂದೇ ವೈರು ಸೇರಿಸಿರುವ ಸಾಧ್ಯತೆ ಹೆಚ್ಚು. ಸ್ಕ್ಯಾನರ್ ಹಾಕಿಸದೆ ಅಡ್ವಾನ್ಸ್ ಕೊಡಬೇಡಿ ಮಾರಾಯ್ರೆ.